ಬ್ಯಾಕಪ್ ಇದೆ ಸರಿ, ತೆರೆದು ನೋಡಿದ್ದೀರಾ?

ಮಾನ್ಯ ಸಂಪಾದಕರೇ,

ಮಾರ್ಚ್ 31 ಹತ್ತಿರವಾಗುತ್ತಿದ್ದಂತೆ ರಾಜ್ಯದ ಮಂಡಿ, ಮಿಲ್ಲು, ಅಂಗಡಿ, ಸೊಸೈಟಿಗಳಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಶುರುವಾಗುತ್ತದೆ. ಹಿಂದೆ ಈ ಲೆಕ್ಕ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕಗಳಲ್ಲಿ ಇರುತ್ತಿತ್ತು. ಈಗ ಅದು ಕ್ಯಾಷ್ ಕೌಂಟರಿನ ಕೆಳಗೆ ದೂಳು ತಿನ್ನುತ್ತಿರುವ ಒಂದು ಕಂಪ್ಯೂಟರಿನಲ್ಲಿದೆ. 'ಬ್ಯಾಕಪ್ ಇಟ್ಟಿದ್ದೀರಾ?' ಎಂದು ಯಾವ ಮಾಲೀಕರನ್ನು ಕೇಳಿದರೂ 'ಇದೆ, ಹುಡುಗ ದಿನಾ ತೆಗೀತಾನೆ' ಎಂಬ ಉತ್ತರ ಬರುತ್ತದೆ. 'ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ತೆರೆದು ನೋಡಿದ್ದು ಯಾವಾಗ?' ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಓದುಗರ ಮುಂದಿಡಲು ಈ ಪತ್ರ. ಮುಂದಿನ ಎರಡು ಮೂರು ವರ್ಷಗಳಲ್ಲಿ ಕಾನೂನು, ಕಳ್ಳರು, ಮಾಹಿತಿಯನ್ನು ಇಂಟರ್ನೆಟ್ ಮೂಲಕ ತಮ್ಮ ಸರ್ವರಿನಲ್ಲಿ ಇಟ್ಟುಕೊಡುವ ಕ್ಲೌಡ್ ಕಂಪನಿಗಳು ಎಲ್ಲವೂ ಸಣ್ಣ ಉದ್ದಿಮೆಯ ಮುಂದೆ ಇದೇ ಪ್ರಶ್ನೆ ಇಡಲಿವೆ.

ಮೊದಲು ಕಳ್ಳರ ವಿಚಾರ. ಹತ್ತು ವರ್ಷದ ಹಿಂದೆ ರ‍್ಯಾನ್ಸಮ್‌ವೇರ್ ಅಂದರೆ ಒಂದು ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದಷ್ಟೇ ಆಗಿತ್ತು. ಬ್ಯಾಕಪ್ ಇದ್ದವರು ಫಾರ್ಮ್ಯಾಟ್ ಮಾಡಿ ಮುಂದೆ ಸಾಗುತ್ತಿದ್ದರು. ಇದು ದಂಧೆ ಮಾಡುವವರಿಗೂ ಗೊತ್ತಾಯಿತು. ಈಗ ಒಳಗೆ ಬಂದವರು ಕೂಡಲೇ ಬೀಗ ಹಾಕುವುದಿಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಒಳಗೇ ಓಡಾಡಿಕೊಂಡು ಬ್ಯಾಕಪ್ ಎಲ್ಲೆಲ್ಲಿದೆ ಎಂದು ಹುಡುಕುತ್ತಾರೆ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ಒಂದೇ ಸಾಲಿನ ಆದೇಶದಿಂದ ಅಳಿಸುತ್ತಾರೆ. ಸದಾ ಸಿಕ್ಕಿಸಿಟ್ಟ ಯುಎಸ್‌ಬಿ ಡಿಸ್ಕಿಗೂ, ನೆಟ್‌ವರ್ಕಿನಲ್ಲಿ ಕಾಣುವ ಪ್ರತಿ ಶೇರ್ಡ್ ಫೋಲ್ಡರಿಗೂ ಬೀಗ ಹಾಕುತ್ತಾರೆ. ಗ್ರಾಹಕರ ಪಟ್ಟಿಯನ್ನು ಕದ್ದು ಹೊರಗೆ ಸಾಗಿಸುತ್ತಾರೆ. ಇದೆಲ್ಲ ಮುಗಿದ ಮೇಲೆ, ಬಹುತೇಕ ಶನಿವಾರ ರಾತ್ರಿಯೋ ಹಬ್ಬದ ರಜೆಯಲ್ಲೋ, ಪರದೆಯ ಮೇಲೆ ಬೆದರಿಕೆಯ ಚೀಟಿ ಮೂಡುತ್ತದೆ.

ಇವರು ಒಳಗೆ ಬರುವ ದಾರಿ ನಮ್ಮೂರುಗಳಲ್ಲಿ ಹೊಸದೇನಲ್ಲ. ಮಾಲೀಕರು ಮನೆಯಿಂದಲೇ ಲೆಕ್ಕದ ತಂತ್ರಾಂಶ ಟ್ಯಾಲಿ ನೋಡಲೆಂದು ರೂಟರಿನಲ್ಲಿ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟು ಎಂಬ ಬಾಗಿಲು ಒಂದು. ಅದರ ಪಾಸ್‌ವರ್ಡ್ ಅಂಗಡಿಯ ಹೆಸರಿನ ಮುಂದೆ 123 ಸೇರಿಸಿದ್ದು. ಸರ್ವಿಸಿನವರು ಹಾಕಿ ಹೋದ, ಯಾರೂ ತೆಗೆಯದ, ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶ ಎನಿಡೆಸ್ಕ್ ಇನ್ನೊಂದು. ಅದರಲ್ಲಿ ಒಪ್ಪಿಗೆ ಕೇಳದೆ ಸಂಪರ್ಕ ಕೊಡುವ ಸೌಲಭ್ಯ ಚಾಲೂ ಇರುತ್ತದೆ. ಮೂರನೆಯದು 'ಕ್ರ್ಯಾಕ್' ಮಾಡಿದ ತಂತ್ರಾಂಶ. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಎಂದು ಸೂಚನೆ ಬರುತ್ತದೆ, ಆಫ್ ಮಾಡುತ್ತೇವೆ, ಮತ್ತೆ ಆನ್ ಮಾಡುವುದನ್ನು ಮರೆಯುತ್ತೇವೆ. ಇನ್‌ವಾಯ್ಸ್ ಎಂದು ಬರುವ ಇಮೇಲ್ ಫೈಲು ಇದ್ದೇ ಇದೆ. ಇಷ್ಟು ಕಾಲ ಅಂಥ ಇಮೇಲುಗಳ ತಪ್ಪು ತಪ್ಪು ಕನ್ನಡವೇ ನಮ್ಮನ್ನು ಎಚ್ಚರಿಸುತ್ತಿತ್ತು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಆ ಗುರುತು ಅಳಿಸಿಹೋಗುತ್ತಿದೆ. ಚೊಕ್ಕ ಕನ್ನಡದಲ್ಲಿ, ನಿಮ್ಮ ಪಾರ್ಟಿಯ ಹೆಸರು ಹಿಡಿದೇ ಪತ್ರ ಬರುತ್ತದೆ. ಹಾಗಾಗಿ 'ನಮ್ಮ ಹುಡುಗರು ಹುಷಾರು' ಎಂಬ ಧೈರ್ಯವೊಂದನ್ನೇ ನೆಚ್ಚಿ ಕೂರುವ ಕಾಲ ಇದಲ್ಲ. ಒಂದು ದಿನ ಯಾರೋ ಒಬ್ಬರು ತಪ್ಪು ಫೈಲು ತೆರೆದೇ ತೆರೆಯುತ್ತಾರೆ ಎಂದು ಒಪ್ಪಿಕೊಂಡು, ಅದಾದ ಮೇಲೂ ವ್ಯಾಪಾರ ಎದ್ದು ನಿಲ್ಲುವಂತೆ ಏರ್ಪಾಡು ಮಾಡಿಕೊಳ್ಳಬೇಕು.

ದೊಡ್ಡವರಿಗೆ ಆದದ್ದು ನೋಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ದಾಳಿಯಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಸುಮಾರು ಎರಡು ವಾರ ರೋಗಿಗಳ ನೋಂದಣಿಯಿಂದ ಹಿಡಿದು ಎಲ್ಲ ಕೆಲಸಗಳೂ ಕಾಗದದ ಮೇಲೆ ನಡೆದವು. ದಾಳಿ ತಲುಪದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಇ–ಹಾಸ್ಪಿಟಲ್ ಮಾಹಿತಿಯನ್ನು ಮರಳಿ ಪಡೆದೆವು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಆ ಒಂದು ಸರ್ವರ್ ಉಳಿಯದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. 2024ರ ಜುಲೈ ಕೊನೆಯಲ್ಲಿ ಸಹಕಾರ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಒದಗಿಸುವ ಸಿ–ಎಡ್ಜ್ ಸಂಸ್ಥೆ ದಾಳಿಗೆ ಸಿಕ್ಕಿತು. ಸೋಂಕು ಹರಡದಿರಲೆಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅದನ್ನು ತನ್ನ ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೈಕೊಟ್ಟವು. ಆ ಬ್ಯಾಂಕುಗಳು ತಾವಾಗಿ ತಪ್ಪು ಮಾಡಿರಲಿಲ್ಲ. ತಮ್ಮ ಕೆಲಸ ಇನ್ನೊಬ್ಬರ ಯಂತ್ರದ ಮೇಲೆ ನಿಂತಿದೆ, ಅದು ನಿಂತರೆ ಏನು ಮಾಡಬೇಕು ಎಂಬ ಯೋಚನೆ ಮಾತ್ರ ಪ್ರತಿ ಬ್ಯಾಂಕಿನದೇ ಆಗಿರಬೇಕಿತ್ತು.

ವಿದ್ಯುತ್ ಕಡಿತಕ್ಕೆ ಬೈಯುವ ನಮಗೆ ಇನ್ನೊಂದು ಪ್ರಸಂಗ ಹತ್ತಿರದ್ದೆನಿಸಬಹುದು. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ದುಷ್ಟ ತಂತ್ರಾಂಶ ಹಡಗು ಸಾಗಣೆಯ ಮರ್ಸ್ಕ್ ಕಂಪನಿಯನ್ನು ಮಲಗಿಸಿತು. 4,000 ಸರ್ವರು, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಯಾರು ಯಾವ ಯಂತ್ರಕ್ಕೆ ಲಾಗಿನ್ ಆಗಬಹುದು ಎಂಬ ಪಟ್ಟಿ ಇಡುವ ಡೊಮೇನ್ ಕಂಟ್ರೋಲರುಗಳು ಒಂದರ ಪ್ರತಿ ಇನ್ನೊಂದಾಗಿ ಸದಾ ಸಮನಾಗುತ್ತಿದ್ದವು. ಹಾಗಾಗಿಯೇ ಎಲ್ಲವೂ ಒಟ್ಟಿಗೆ ಅಳಿದವು. ಉಳಿದದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಅದು ಜಾಲದಿಂದ ಹೊರಗಿತ್ತು. ಒಂದು ವಿಶ್ವವ್ಯಾಪಿ ಕಂಪನಿಯನ್ನು ಉಳಿಸಿದ್ದು ತಂತಿ ಕಳಚಿ ನಿಂತಿದ್ದ ಆ ಒಂದು ಪ್ರತಿ.

ಹಳೆಯ 3–2–1 ಸೂತ್ರಕ್ಕೆ ಈಗ ಇನ್ನೆರಡು ಅಂಕಿಗಳು ಸೇರಿರುವುದು ಇದಕ್ಕೇ. ಮಾಹಿತಿಯ ಪ್ರತಿಗಳು ಮೂರು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಇದರ ಜೊತೆಗೆ ತಂತಿ ಕಳಚಿಟ್ಟದ್ದು ಅಥವಾ ಅಳಿಸಲಾಗದಂತೆ ಬೀಗ ಹಾಕಿದ್ದು ಒಂದು, ಮರಳಿ ತೆರೆದು ನೋಡಿದಾಗ ಸಿಕ್ಕ ದೋಷಗಳು ಸೊನ್ನೆ. ಮಂಡಿ ವ್ಯಾಪಾರಿಗೆ ಇದನ್ನು ಸರಳವಾಗಿ ಹೇಳಬೇಕೆಂದರೆ, ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಒಂದಕ್ಕೆ 'ಅ', ಇನ್ನೊಂದಕ್ಕೆ 'ಆ' ಎಂದು ಚೀಟಿ ಅಂಟಿಸಿ. ಈ ವಾರ 'ಅ' ಅಂಗಡಿಯಲ್ಲಿ, 'ಆ' ಮನೆಯಲ್ಲಿ. ಪ್ರತಿ ಶುಕ್ರವಾರ ಅದಲು ಬದಲು. ಬ್ಯಾಕಪ್ ತೆಗೆಯುವ ಆ ಇಪ್ಪತ್ತು ನಿಮಿಷ ಬಿಟ್ಟರೆ ಉಳಿದ ಹೊತ್ತು ಡಿಸ್ಕಿನ ತಂತಿ ಕಂಪ್ಯೂಟರಿಗೆ ತಾಗಿರಕೂಡದು. ಎರಡು ಡಿಸ್ಕ್, ಒಂದು ಸಣ್ಣ ಯುಪಿಎಸ್ ಸೇರಿದರೂ ಒಂದು ಕ್ವಿಂಟಲ್ ಅಡಿಕೆಯ ಬೆಲೆ ಮುಟ್ಟುವುದಿಲ್ಲ. ಅಂಗಡಿ, ಮನೆ ಎರಡೂ ನದಿಯ ಒಂದೇ ದಂಡೆಯ ತಗ್ಗಿನಲ್ಲಿದ್ದರೆ ಎರಡನೆಯ ಡಿಸ್ಕನ್ನು ಎತ್ತರದಲ್ಲಿರುವ ನೆಂಟರ ಮನೆಗೋ ಬ್ಯಾಂಕ್ ಲಾಕರಿಗೋ ಒಯ್ಯಿರಿ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯಲ್ಲಿ ನೀರು ಏರಿದ ಬಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ದಿನದ ಪ್ರತಿಗಳಿರಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ನಿನ್ನೆಯದರ ಮೇಲೆ ಇವತ್ತಿನದನ್ನು ಬರೆದರೆ ಇರುವುದು ಒಂದೇ ಪ್ರತಿ. ಬರೆಯುವಾಗ ಕರೆಂಟು ಹೋಗಿ ಡಾಟಾ ಕೆಟ್ಟಿದ್ದರೆ ಕೆಟ್ಟ ಡಾಟಾವೇ ಒಳ್ಳೆಯ ಪ್ರತಿಯನ್ನು ಒರೆಸಿಹಾಕುತ್ತದೆ. ಕಳ್ಳ ಮೂರು ವಾರದಿಂದ ಒಳಗಿದ್ದು, ನಿಮ್ಮಲ್ಲಿರುವುದು ಏಳು ದಿನದ ಪ್ರತಿಗಳಷ್ಟೇ ಆದರೆ ಅವೆಲ್ಲದರಲ್ಲೂ ಅವನಿದ್ದಾನೆ. ನಾವು ಸೂಚಿಸುವ ಲೆಕ್ಕ ಇದು: ದಿನದ್ದು 7, ವಾರದ್ದು 4, ತಿಂಗಳದ್ದು 12, ವರ್ಷದ್ದು 8. ಎಂಟು ವರ್ಷ ಯಾಕೆಂದರೆ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು ಅಷ್ಟು ವರ್ಷ ಕಾಯ್ದಿಡಲು ಹೇಳುತ್ತದೆ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಒಟ್ಟು 31 ಪ್ರತಿಗಳು. ಡಾಟಾ ಫೋಲ್ಡರ್ 5 ಜಿಬಿ ಇದ್ದರೂ 155 ಜಿಬಿಯಲ್ಲಿ ಮುಗಿಯಿತು. ಮಾರುಕಟ್ಟೆಯಲ್ಲಿ ಸಿಗುವ 1 ಟಿಬಿ ಡಿಸ್ಕಿನ ಆರನೇ ಒಂದು ಭಾಗವೂ ತುಂಬುವುದಿಲ್ಲ. ಪ್ರತಿ ದಿನಕ್ಕೆ ಒಂದು ಫೋಲ್ಡರ್ ಮಾಡಿ, ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ. ಹಾಗಿಟ್ಟರೆ ಪಟ್ಟಿ ತಾನಾಗಿ ಸಾಲಾಗಿ ನಿಲ್ಲುತ್ತದೆ.

ಕ್ಲೌಡಿನಲ್ಲಿ ಇಡುವವರಿಗೆ ಬರುವ ದಿನಗಳ ದೊಡ್ಡ ಸೌಲಭ್ಯವೆಂದರೆ ಅಳಿಸಲಾಗದ ಪ್ರತಿ. ಇಂತಿಷ್ಟು ದಿನ ಈ ಫೈಲನ್ನು ಯಾರೂ ಮುಟ್ಟಕೂಡದು ಎಂದು ಬೀಗ ಹಾಕಿದರೆ ಆ ಅವಧಿ ಮುಗಿಯುವ ತನಕ ಮಾಲೀಕನ ಪಾಸ್‌ವರ್ಡ್ ಕದ್ದವನೂ ಅಳಿಸಲಾರ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅಮೆಜಾನಿನ ಕ್ಲೌಡ್ ಸೇವೆಯಲ್ಲಿ ಈ ಬೀಗಕ್ಕೆ ಗವರ್ನೆನ್ಸ್, ಕಂಪ್ಲಯನ್ಸ್ ಎಂದು ಎರಡು ಬಗೆ. ಮೊದಲನೆಯದನ್ನು ವಿಶೇಷ ಅಧಿಕಾರವಿರುವ ಖಾತೆಯಿಂದ ತೆಗೆಯಬಹುದು, ಎರಡನೆಯದನ್ನು ಖಾತೆಯ ಒಡೆಯನೂ ತೆಗೆಯಲಾರ. ಮೊದಲನೆಯದನ್ನು ಹಾಕಿ, ಆ ವಿಶೇಷ ಅಧಿಕಾರದ ಪಾಸ್‌ವರ್ಡನ್ನು ಅದೇ ಆಫೀಸ್ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸಿಟ್ಟರೆ ಬೀಗವೂ ಕೀಲಿಯೂ ಒಂದೇ ಗೂಟಕ್ಕೆ ತೂಗಿದಂತೆ. ಎರಡನೆಯದನ್ನು ಹಾಕುವಾಗ ಅವಸರ ಬೇಡ. 30 ದಿನ ಎನ್ನುವ ಬದಲು 3,000 ದಿನ ಎಂದು ಬೆರಳು ತಪ್ಪಿದರೆ ಅಷ್ಟೂ ದಿನ ಬಾಡಿಗೆ ಕಟ್ಟಬೇಕಾಗುತ್ತದೆ. ಮೊದಲು ಒಂದು ದಿನದ ಅವಧಿ ಹಾಕಿ ಪರೀಕ್ಷಿಸಿ, ಆಮೇಲೆ ಹೆಚ್ಚಿಸಿ.

'ನಮ್ಮದು ಗೂಗಲ್ ಡ್ರೈವಿನಲ್ಲಿದೆ, ಚಿಂತೆಯಿಲ್ಲ' ಎನ್ನುವವರಿಗೆ ಒಂದು ಕಿವಿಮಾತು. ಸಿಂಕ್ ಆಗುವ ಫೋಲ್ಡರ್ ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಬೀಗ ಬಿದ್ದ ಫೈಲು ಅಲ್ಲಿಗೂ ಹೋಗಿ ಒಳ್ಳೆಯದರ ಜಾಗದಲ್ಲಿ ಕೂರುತ್ತದೆ. ಅಳಿಸಿದ ಫೈಲು ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿರುವುದು 30 ದಿನ. ಕೆಲಸ ನಡೆಯುತ್ತಿರುವಾಗಲೇ ಡಾಟಾ ಫೋಲ್ಡರನ್ನು ಸಿಂಕಿಗೆ ಹಾಕುವುದು ಇನ್ನೂ ಕೆಟ್ಟದ್ದು. ಅರ್ಧ ಬರೆದ ಫೈಲು ಮೇಲೆ ಹೋಗುತ್ತದೆ, ಒಂದೇ ಫೈಲಿಗೆ ಎರಡು ಎರಡು ಪ್ರತಿ ಹುಟ್ಟುತ್ತವೆ, ಯಾವುದು ನಿಜವೆಂದು ಯಾರಿಗೂ ಹೇಳಲಾಗುವುದಿಲ್ಲ. ಲೆಕ್ಕದ ತಂತ್ರಾಂಶವನ್ನು ಎಲ್ಲ ಕಂಪ್ಯೂಟರುಗಳಲ್ಲೂ ಮುಚ್ಚಿ, ಅದರದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆದು, ಆ ಪ್ರತಿಯನ್ನಷ್ಟೇ ಕ್ಲೌಡಿಗೆ ಕಳಿಸಿ.

ಕ್ಲೌಡ್ ಎಂದರೂ ಅದು ಯಾವುದೋ ಊರಿನ ಒಂದು ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪನಿಯ ಡಾಟಾ ಸೆಂಟರ್ ಸುಟ್ಟಾಗ ಮೂಲ, ಬ್ಯಾಕಪ್ ಎರಡನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನಿನಲ್ಲಿ ಸರ್ಕಾರಿ ಡಾಟಾ ಸೆಂಟರಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ–ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆಲ್ಲೂ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಸರ್ಕಾರಕ್ಕೇ ಹೀಗಾಯಿತು. ಇದಕ್ಕೆ ವ್ಯತಿರಿಕ್ತವಾದದ್ದು ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್ ಪ್ರಸಂಗ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನ ಕಡೆಯ ಒಂದು ತಪ್ಪಿನಿಂದ ಅದರ ಇಡೀ ವ್ಯವಸ್ಥೆ ಅಳಿಸಿಹೋಯಿತು. ಎರಡು ಬೇರೆ ಬೇರೆ ಕೇಂದ್ರಗಳಲ್ಲಿ ಇಟ್ಟಿದ್ದರೂ ಎರಡೂ ಒಟ್ಟಿಗೇ ಹೋದವು, ಯಾಕೆಂದರೆ ಎರಡೂ ಒಂದೇ ಖಾತೆಯವು. ಇನ್ನೊಂದು ಕಂಪನಿಯ ಬಳಿ ಪ್ರತ್ಯೇಕ ಪ್ರತಿ ಇಟ್ಟಿದ್ದುದರಿಂದ ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಲೆಕ್ಕ ಮರಳಿ ಕಟ್ಟಲು ಅನುಕೂಲವಾಯಿತು.

ಮರಳಿ ತರಲು ಹಿಡಿಯುವ ಹೊತ್ತನ್ನು ಯಾರೂ ಮೊದಲೇ ಲೆಕ್ಕ ಹಾಕಿರುವುದಿಲ್ಲ. 1 ಟಿಬಿ ಮಾಹಿತಿಯನ್ನು 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡಿನಲ್ಲಿ ಇಳಿಸಲು, ಸಂಪರ್ಕ ಒಮ್ಮೆಯೂ ಕಡಿಯದೆ ಪೂರ್ತಿ ವೇಗ ಸಿಕ್ಕರೂ, 80,000 ಸೆಕೆಂಡು ಬೇಕು. ಅಂದರೆ 22 ಗಂಟೆಗೂ ಮೇಲೆ. ತಾಲ್ಲೂಕು ಕೇಂದ್ರದ ಸಂಪರ್ಕದಲ್ಲಿ ಎರಡು ಮೂರು ದಿನ ಎಂದಿಟ್ಟುಕೊಳ್ಳಿ. ಅದೇ ಮಾಹಿತಿ ಕೈಯಲ್ಲಿರುವ ಯುಎಸ್‌ಬಿ ಡಿಸ್ಕಿನಲ್ಲಿದ್ದರೆ ಸೆಕೆಂಡಿಗೆ 100 ಮೆಗಾಬೈಟ್ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಅದಕ್ಕೇ ಮಾಲೀಕರು ಎರಡು ಪ್ರಶ್ನೆಗಳಿಗೆ ಗಂಟೆಗಳಲ್ಲಿ ಉತ್ತರ ಬರೆದಿಡಬೇಕು. ಎಷ್ಟು ಹೊತ್ತಿನ ಎಂಟ್ರಿಗಳು ಹೋದರೆ ಮತ್ತೆ ಕೂತು ಬರೆಯಬಲ್ಲೆವು? ಎಷ್ಟು ಹೊತ್ತು ಬಿಲ್ಲಿಂಗ್ ನಿಂತರೆ ತಡೆದುಕೊಳ್ಳಬಲ್ಲೆವು? ಔಷಧಿ ಅಂಗಡಿಗೆ ಎರಡನೆಯ ಉತ್ತರ ಅರ್ಧ ಗಂಟೆ ಇರಬಹುದು, ಲೆಕ್ಕಪರಿಶೋಧಕರ ಕಚೇರಿಗೆ ಒಂದು ದಿನ. ಲಾರಿಗಳು ಸಾಲಾಗಿ ನಿಂತಿರುವ ವೇಬ್ರಿಡ್ಜಿಗೆ ಹತ್ತು ನಿಮಿಷವೂ ಹೆಚ್ಚೇ. ಎಷ್ಟು ಖರ್ಚು ಮಾಡಬೇಕು ಎಂಬುದು ಈ ಉತ್ತರಗಳಿಂದ ತಿಳಿಯಬೇಕೇ ಹೊರತು ಮಾರಾಟ ಪ್ರತಿನಿಧಿಯ ಮಾತಿನಿಂದ ಅಲ್ಲ.

ಈಗ ತೆರೆದು ನೋಡುವ ಕೆಲಸಕ್ಕೆ ಬರೋಣ. ಇದಕ್ಕೆ ಬೇಕಾದದ್ದು ಹಳೆಯದೊಂದು ಲ್ಯಾಪ್‌ಟಾಪ್, ಒಂದೂವರೆ ಗಂಟೆ, ಒಂದು ಗಡಿಯಾರ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಮನೆಯಲ್ಲಿಟ್ಟ ಡಿಸ್ಕ್ ತರಿಸಿ, ಅಂಗಡಿಯದ್ದಲ್ಲ. ಬ್ಯಾಕಪ್ ತೆಗೆಯುವ ಹುಡುಗನನ್ನು ಪಕ್ಕಕ್ಕೆ ಕೂರಿಸಿ, ಬೇರೊಬ್ಬರು ಕೀಬೋರ್ಡ್ ಹಿಡಿಯಲಿ. ಅವನಿಲ್ಲದ ದಿನವೂ ಈ ಕೆಲಸ ಆಗಬೇಕಲ್ಲ. ಟ್ಯಾಲಿ ಬಳಸುವವರು ಡಾಟಾ ಮೆನುವಿನ ರೀಸ್ಟೋರ್ ಆಯ್ಕೆಯಲ್ಲಿ ಪ್ರತಿ ಎಲ್ಲಿಗೆ ಇಳಿಯಬೇಕು ಎಂಬ ಜಾಗವನ್ನು ಎರಡು ಸಲ ನೋಡಿಕೊಳ್ಳಬೇಕು. ಚಾಲ್ತಿಯಲ್ಲಿರುವ ಡಾಟಾ ಫೋಲ್ಡರನ್ನೇ ತೋರಿಸಿದರೆ ಹಳೆಯದು ಹೊಸದರ ಮೇಲೆ ಬಂದು ಕೂರುತ್ತದೆ. ಪರೀಕ್ಷೆ ಮಾಡಲು ಹೋಗಿ ನಿಜವಾದ ಲೆಕ್ಕ ಕಳೆದುಕೊಳ್ಳುವುದು ಹೀಗೇ. ಬೇರೆ ಲ್ಯಾಪ್‌ಟಾಪ್, ಖಾಲಿ ಫೋಲ್ಡರ್ ಎಂದು ನಾವು ಒತ್ತಿ ಹೇಳುವುದು ಇದಕ್ಕೆ. ಕಂಪನಿ ತೆರೆದುಕೊಂಡ ಕೂಡಲೇ ಸಮಾಧಾನ ಪಡಬೇಡಿ. ಅಂಗಡಿಯ ಕಂಪ್ಯೂಟರಿನಿಂದ ಮೊದಲೇ ಕಾಗದದಲ್ಲಿ ಬರೆದುಕೊಂಡ ನಾಲ್ಕು ಅಂಕಿಗಳನ್ನು ತಾಳೆ ನೋಡಿ: ಬ್ಯಾಕಪ್ ದಿನದ ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ, ಆ ದಿನದ ಬ್ಯಾಂಕ್ ಶಿಲ್ಕು, ಒಬ್ಬ ದೊಡ್ಡ ಪಾರ್ಟಿಯ ಬಾಕಿ, ಒಂದು ಮಾಲಿನ ದಾಸ್ತಾನು. ನಾಲ್ಕೂ ಪೈಸೆಗೆ ಪೈಸೆ ಕೂಡಬೇಕು. ಒಂದು ಬಿಲ್ಲು ಪ್ರಿಂಟ್ ಹಾಕಿ. ಬಿಲ್ಲಿನ ನಮೂನೆ, ಲೋಗೊ, ಪ್ರಿಂಟರ್ ಹೊಂದಾಣಿಕೆಗಳು ಡಾಟಾ ಫೋಲ್ಡರಿನಾಚೆ ಇದ್ದು ಬ್ಯಾಕಪ್ಪಿಗೆ ಸೇರದೆ ಹೋಗಿರುವುದು ಬಯಲಾಗುವುದು ಆಗಲೇ. ಶುರುವಾದ ಹೊತ್ತು, ಮುಗಿದ ಹೊತ್ತು, ಸಿಕ್ಕ ತೊಡಕು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ.

ಮೊದಲ ಸಲ ಮಾಡಿದಾಗ ತೊಡಕು ಸಿಕ್ಕೇ ಸಿಗುತ್ತದೆ. ಸಿಗಲಿ, ಸಿಗಲೆಂದೇ ಮಾಡುವುದು. ಸಾಮಾನ್ಯವಾಗಿ ಎದುರಾಗುವ ಕೆಲವನ್ನು ಹೇಳುತ್ತೇವೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾಗಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲು ಅದರಲ್ಲಿ ಹಿಡಿಸುವುದಿಲ್ಲ. ವರ್ಷಗಟ್ಟಲೆ ಸರಿಯಾಗಿದ್ದ ಬ್ಯಾಕಪ್ ಡಾಟಾ ಬೆಳೆದ ಯಾವುದೋ ಒಂದು ದಿನದಿಂದ ನಿಂತೇ ಹೋಗಿರುತ್ತದೆ. ಟ್ಯಾಲಿ ಡಾಟಾಗೆ ಬೀಗ ಹಾಕುವ ಟ್ಯಾಲಿ ವಾಲ್ಟಿನ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಕೊಡುವ ದಾರಿ ತಂತ್ರಾಂಶದಲ್ಲಿಲ್ಲ. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ ಡಿಸ್ಕಿನ 48 ಅಂಕಿಯ ರಿಕವರಿ ಕೀ ಅದೇ ಡಿಸ್ಕಿನೊಳಗಿನ ಒಂದು ಟೆಕ್ಸ್ಟ್ ಫೈಲಿನಲ್ಲಿರುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಾಗ ಹಲವು ಸಂಸ್ಥೆಗಳು ಸಿಲುಕಿದ್ದು ಇಲ್ಲೇ. ಸರಿಪಡಿಸುವ ಕ್ರಮ ಸುಲಭವಿತ್ತು, ಸೇಫ್ ಮೋಡಿಗೆ ಹೋಗಿ ಒಂದು ಫೈಲು ಅಳಿಸಬೇಕಿತ್ತು. ಆದರೆ ಅಲ್ಲಿಗೆ ಹೋಗಲು ಬೇಕಾದ ಕೀ ಇದ್ದ ಸರ್ವರೂ ಮಲಗಿತ್ತು. ಆದ್ದರಿಂದ ಈ ಕೀಗಳು, ಲೈಸೆನ್ಸಿನ ಸೀರಿಯಲ್ ನಂಬರು, ಇಂಟರ್ನೆಟ್ ಕಂಪನಿಯ ಮತ್ತು ತಂತ್ರಾಂಶದವರ ಫೋನ್ ನಂಬರು ಎಲ್ಲವನ್ನೂ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಬೀರುವಿನಲ್ಲಿಡಿ. ಡಿಜಿಟಲ್ ರಕ್ಷಣೆಯ ಕೊನೆಯ ಕೊಂಡಿ ಇವತ್ತಿಗೂ ಒಂದು ಹಾಳೆ ಕಾಗದವೇ.

ಬ್ಯಾಕಪ್ ವಿಫಲವಾದರೆ ಇಮೇಲ್ ಬರುತ್ತದಲ್ಲ ಎಂದು ನಂಬಿ ಕೂರುವುದೂ ಅಪಾಯ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರೊಬ್ಬರು ಕಣ್ತಪ್ಪಿನಿಂದ ಮುಖ್ಯ ಸರ್ವರಿನ ಸುಮಾರು 300 ಜಿಬಿ ಡಾಟಾ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದು ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲುಗಳನ್ನು ಮೇಲ್ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಕೊನೆಗೆ ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿಯಿಂದ ಜೀವ ಬಂತು. ಈ ತಪ್ಪನ್ನು ಆ ಕಂಪನಿ ಮುಚ್ಚಿಡದೆ ಜಗತ್ತಿಗೆ ಬಿಡಿಸಿ ಹೇಳಿತು, ಅದು ಮೆಚ್ಚಬೇಕಾದ ನಡೆ. ನಮ್ಮ ಸೂಚನೆ ಇಷ್ಟು: ವಿಫಲವಾದಾಗ ಮಾತ್ರವಲ್ಲ, ಯಶಸ್ವಿಯಾದಾಗಲೂ ದಿನಾ ಒಂದು ಸಂದೇಶ ಬರುವಂತೆ ಮಾಡಿ. ಸಂದೇಶ ಬಾರದ ದಿನವೇ ಎಚ್ಚರಿಕೆಯ ದಿನ. ಆ ಸಂದೇಶದಲ್ಲಿ ಬ್ಯಾಕಪ್ಪಿನ ಗಾತ್ರ ಇರಲಿ. ಬದಲಾದದ್ದನ್ನಷ್ಟೇ ಪ್ರತಿ ಮಾಡುವ ವ್ಯವಸ್ಥೆಯಲ್ಲಿ ದಿನಕ್ಕೆ 200 ಎಂಬಿ ಇರುತ್ತಿದ್ದದ್ದು ಒಂದು ರಾತ್ರಿ 40 ಜಿಬಿ ಆದರೆ ಎಲ್ಲ ಫೈಲುಗಳೂ ಒಟ್ಟಿಗೆ ಬದಲಾಗಿವೆ ಎಂದರ್ಥ. ಯಾರೋ ಬೀಗ ಹಾಕುತ್ತಿರಬಹುದು. ಹೊಸ ಬ್ಯಾಕಪ್ ತಂತ್ರಾಂಶಗಳು ಈ ಏರಿಳಿತವನ್ನು ತಾವೇ ಗಮನಿಸಿ ಕೂಗುತ್ತವೆ. ಆ ತಂತ್ರಾಂಶ ಇಲ್ಲದವರು ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಗಾತ್ರ ಬರೆದರೂ ಆಗುತ್ತದೆ.

ಕಾನೂನಿನ ಕಡೆಯಿಂದ ಬರುತ್ತಿರುವುದನ್ನು ಸಣ್ಣ ಉದ್ದಿಮೆದಾರರು ಇನ್ನೂ ಗಮನಿಸಿದಂತಿಲ್ಲ. ಕಂಪನಿಗಳಾಗಿ ನೋಂದಣಿಯಾದವರು ಲೆಕ್ಕದ ಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನಂಪ್ರತಿ ಇಡಬೇಕೆಂಬ ನಿಯಮ 2022ರ ಆಗಸ್ಟಿನಿಂದಲೇ ಇದೆ. ಅದಕ್ಕೂ ಮುಂಚೆ 'ಕಾಲಕಾಲಕ್ಕೆ' ಎಂದಿತ್ತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳಲ್ಲಿ ನಡೆದದ್ದರ ದಾಖಲೆಯಾದ ಲಾಗ್‌ಗಳನ್ನು 180 ದಿನ ಇಡಬೇಕು. ಇನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳಿಗೆ ಕೊಟ್ಟಿರುವ ಕಾಲಾವಕಾಶ 18 ತಿಂಗಳು, ಅಂದರೆ 2027ರ ಮೇ ತನಕ. ಗ್ರಾಹಕರ ಹೆಸರು, ಫೋನ್ ನಂಬರು ಇಟ್ಟುಕೊಂಡ ಜವಳಿ ಅಂಗಡಿ, ಲ್ಯಾಬು, ಶಾಲೆ, ಫೈನಾನ್ಸು ಯಾವುದೂ ಇದರಿಂದ ಸುಲಭವಾಗಿ ಹೊರಗುಳಿಯಲಾರದು. ಮಾಹಿತಿ ಸೋರಿದರೆ ಮಾತ್ರ ತಪ್ಪು ಎಂದು ಹಲವರು ತಿಳಿದಿದ್ದಾರೆ. ಈ ಕಾಯ್ದೆಯಲ್ಲಿ ಮಾಹಿತಿ ನಾಶವಾಗುವುದು, ಅದು ಕೈಗೆ ಸಿಗದಂತಾಗುವುದೂ ಉಲ್ಲಂಘನೆಯ ವ್ಯಾಖ್ಯೆಯೊಳಗೆ ಬರುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿತು, ಏನೂ ಹೊರಹೋಗಿಲ್ಲ ಎಂದರೂ ಸಂಬಂಧಪಟ್ಟ ಗ್ರಾಹಕರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಲೇಬೇಕು, ವಿವರವಾದ ವರದಿ 72 ಗಂಟೆಯೊಳಗೆ ಹೋಗಬೇಕು. ನಿಯಮಗಳಲ್ಲಿ ಬ್ಯಾಕಪ್ ಎಂಬ ಮಾತು ನೇರವಾಗಿಯೇ ಇದೆ. ಸೂಕ್ತ ರಕ್ಷಣೆ ಇಟ್ಟುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಇಲ್ಲೊಂದು ಹೊಸ ಕಗ್ಗಂಟೂ ಇದೆ. ಗ್ರಾಹಕರು 'ನನ್ನ ಮಾಹಿತಿ ಅಳಿಸಿ' ಎಂದು ಕೇಳುವ ಹಕ್ಕನ್ನು ಇದೇ ಕಾಯ್ದೆ ಕೊಡುತ್ತದೆ. ಅಳಿಸಲಾಗದಂತೆ ಬೀಗ ಹಾಕಿದ ಪ್ರತಿಗಳಲ್ಲಿ ಆ ಹೆಸರು ಇದ್ದೇ ಇರುತ್ತದೆ. ಮೂರು ತಿಂಗಳ ಹಿಂದಿನ ಪ್ರತಿ ಮರಳಿ ತಂದ ದಿನ ಅಳಿಸಿದವರೆಲ್ಲ ಮತ್ತೆ ಪಟ್ಟಿಯಲ್ಲಿ ಎದ್ದು ಕೂರುತ್ತಾರೆ, ಅವರಿಗೆ ದೀಪಾವಳಿ ಆಫರಿನ ಸಂದೇಶವೂ ಹೋಗುತ್ತದೆ. ಇದಕ್ಕೆ ಕೆಲಸಕ್ಕೆ ಬರುವ ಪರಿಹಾರವೆಂದರೆ ಅಳಿಸಿದವರ ಗ್ರಾಹಕ ಸಂಖ್ಯೆಯನ್ನಷ್ಟೇ, ಹೆಸರು ಫೋನ್ ಇಲ್ಲದೆ, ಬೇರೆ ಕಡೆ ಪಟ್ಟಿ ಮಾಡಿಟ್ಟು, ಪ್ರತಿ ಮರಳಿ ತಂದಾಗಲೆಲ್ಲ ಮೊದಲ ಕೆಲಸವಾಗಿ ಆ ಪಟ್ಟಿಯನ್ನು ಮತ್ತೆ ಓಡಿಸುವುದು. ತೆರಿಗೆ ಕಾನೂನು ಉಳಿಸಲು ಹೇಳುವ ಬಿಲ್ಲುಗಳ ಮಾತು ಬೇರೆ, ಅವನ್ನು ಅಳಿಸಬಾರದು. ಬಿಲ್ಲಿನ ಡಾಟಾ, ಪ್ರಚಾರದ ಡಾಟಾ ಎರಡನ್ನೂ ಈಗಲೇ ಬೇರೆ ಬೇರೆ ಮಾಡಿಟ್ಟುಕೊಂಡವರಿಗೆ ಮುಂದೆ ಕಷ್ಟವಿಲ್ಲ.

ಕ್ವಾಂಟಮ್ ಕಂಪ್ಯೂಟರ್ ಬಂದರೆ ಗೂಢಲಿಪಿಯೆಲ್ಲ ಒಡೆಯುತ್ತದೆ ಎಂದು ಹೆದರಿಸಿ ಏನೇನೋ ಮಾರುವವರು ಮುಂದೆ ಬಂದೇ ಬರುತ್ತಾರೆ. ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಇದಕ್ಕೆ ಹೊಸ ಮಾನಕಗಳನ್ನು ಪ್ರಕಟಿಸಿರುವುದು ನಿಜ. ಆದರೆ ನಿಮ್ಮ ಬ್ಯಾಕಪ್ ಡಿಸ್ಕಿಗೆ ಎಇಎಸ್–256 ಗೂಢಲಿಪಿ, ಉದ್ದನೆಯ ಪಾಸ್‌ವರ್ಡ್ ಇದ್ದರೆ ಈಗ ಅದಕ್ಕೆ ಖರ್ಚು ಮಾಡಬೇಕಿಲ್ಲ. ಆ ದುಡ್ಡಿನಲ್ಲಿ ಇನ್ನೊಂದು ಡಿಸ್ಕ್ ಕೊಳ್ಳಿ.

ದಾಳಿ ಆಗಿಯೇ ಹೋದರೆ ಮೊದಲ ಹತ್ತು ನಿಮಿಷದಲ್ಲಿ ಮಾಡುವ ತಪ್ಪುಗಳೇ ಹೆಚ್ಚು ನಷ್ಟ ತರುತ್ತವೆ. ಗಾಬರಿಯಲ್ಲಿ ಮನೆಯ ಡಿಸ್ಕನ್ನು ತಂದು ಅದೇ ಕಂಪ್ಯೂಟರಿಗೆ ಚುಚ್ಚಬೇಡಿ, ಅದಕ್ಕೂ ಬೀಗ ಬೀಳುತ್ತದೆ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ರೂಟರ್ ಆಫ್ ಮಾಡಿ. ಪರದೆಯ ಫೋಟೊ ತೆಗೆದುಕೊಳ್ಳಿ. ಬೀಗ ಬಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಬಿಚ್ಚಿ ಎತ್ತಿಡಿ, ಹೊಸ ಡಿಸ್ಕಿನಲ್ಲಿ ವಿಂಡೋಸ್ ಹಾಕಿ. ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಯೋಜನೆಯಲ್ಲಿ ಹಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಇವತ್ತು ಸಿಗದ ಕೀಲಿ ವರ್ಷದ ಮೇಲೆ ಸಿಗಬಹುದು. ಬೇರೆ ಶುಚಿಯಾದ ಯಂತ್ರದಿಂದ ಎಲ್ಲ ಪಾಸ್‌ವರ್ಡ್ ಬದಲಿಸಿ, ಬ್ಯಾಂಕು ಮತ್ತು ಇಮೇಲಿನದು ಮೊದಲು. ಜಿಲ್ಲೆಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗೆ ದೂರು ಕೊಡಿ. ಒಳಗೆ ಬಂದ ದಾರಿ ಗೊತ್ತಾಗಿ ಮುಚ್ಚುವ ತನಕ ಪ್ರತಿ ಮರಳಿ ತರಬೇಡಿ. ಅದೇ ಕಿಂಡಿಯಿಂದ ಮರುವಾರ ಮತ್ತೆ ಬರುತ್ತಾರೆ.

ಇನ್ನು ನಮ್ಮ ಕೋರಿಕೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ವಾಣಿಜ್ಯ ಕೈಗಾರಿಕಾ ಮಹಾಸಂಘ ಎಫ್‌ಕೆಸಿಸಿಐ, ಎಪಿಎಂಸಿ ವರ್ತಕರ ಸಂಘಗಳು, ಜಿಲ್ಲಾ ಸಹಕಾರ ಯೂನಿಯನ್ನುಗಳು ಪ್ರತಿ ವರ್ಷ ಫೆಬ್ರುವರಿಯಲ್ಲಿ, ವರ್ಷಾಂತ್ಯದ ಒತ್ತಡಕ್ಕೆ ಮುಂಚೆ, ಒಂದು ದಿನವನ್ನು ಬ್ಯಾಕಪ್ ತೆರೆದು ನೋಡುವ ದಿನವೆಂದು ಗೊತ್ತು ಮಾಡಲಿ. ಸಂಘದ ಕಚೇರಿಯಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟು ಸದಸ್ಯರು ಡಿಸ್ಕ್ ತಂದು ಪರೀಕ್ಷಿಸುವಂತಾಗಲಿ. ಒಬ್ಬರ ಡಾಟಾ ಪರೀಕ್ಷಿಸಿದ ಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿಯೇ ಮುಂದಿನವರಿಗೆ ಕೊಡಬೇಕು. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿದೆ. ಸೊಸೈಟಿಯ ಗುಮಾಸ್ತರೂ ಓದಿ ಮಾಡಬಹುದಾದ ಒಂದು ಪುಟದ ಕನ್ನಡ ಕೈಪಿಡಿಯನ್ನು ಅದು ಹೊರತಂದರೆ ದೊಡ್ಡ ಉಪಕಾರ.

ಮಾಲೀಕರು ಅದಕ್ಕೆಲ್ಲ ಕಾಯಬೇಕಿಲ್ಲ. ಕಂಪ್ಯೂಟರ್ ನಿರ್ವಹಣೆಗೆಂದು ವರ್ಷಕ್ಕೊಮ್ಮೆ ಎಎಂಸಿ ಬರೆಸುತ್ತೀರಲ್ಲ, ಈ ಸಲ ಸಹಿ ಹಾಕುವ ಮುಂಚೆ ಅದರಲ್ಲಿ ಇದೊಂದು ಸಾಲು ಸೇರಿಸಿ: 'ಮೂರು ತಿಂಗಳಿಗೊಮ್ಮೆ ಕಚೇರಿಯಾಚೆ ಇಟ್ಟ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಮರಳಿ ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ಬ್ಯಾಂಕ್ ಶಿಲ್ಕನ್ನು ಮಾಲೀಕರ ಎದುರು ತಾಳೆ ಮಾಡಿ, ಹಿಡಿದ ಸಮಯ ನಮೂದಿಸಿ ಸಹಿ ಹಾಕತಕ್ಕದ್ದು, ಇದಾಗದಿದ್ದರೆ ಆ ತ್ರೈಮಾಸಿಕದ ಹಣ ಪಾವತಿಸಲಾಗುವುದಿಲ್ಲ.'

ಇಂತಿ,
ಸಣ್ಣ ಉದ್ದಿಮೆಗಳ ಕಂಪ್ಯೂಟರ್ ಮತ್ತು ಲೆಕ್ಕಪತ್ರ ವ್ಯವಸ್ಥೆ ನೋಡಿಕೊಳ್ಳುವ ತಂತ್ರಜ್ಞರು,
ಶಿವಮೊಗ್ಗ